ಹಿಂದಿನ ಸೀಟಿಲ್ಲದ ಕಾರು

ಕಾರಿನ ವಿಮರ್ಶೆ ಗಂಡಸರ ಕೆಲಸವೆಂದು ಯಾರೂ ಬರೆದಿಟ್ಟಿಲ್ಲ. ಆದರೂ ನಾನು ಓದಿದ ವಿಮರ್ಶೆಗಳೆಲ್ಲ ಒಂದೇ ಜಾಗದಿಂದ, ಸ್ಟಿಯರಿಂಗ್ ಹಿಡಿದು ಕೂತ ಜಾಗದಿಂದ, ಬರೆದವು. ಇಂಜಿನ್ನಿಗೆ ಎಷ್ಟು ಅಶ್ವಶಕ್ತಿ, ಎಷ್ಟು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ, ತಿರುವಿನಲ್ಲಿ ಹೇಗೆ ನೆಲ ಕಚ್ಚಿಕೊಂಡು ಹೋಗುತ್ತದೆ - ಇವೆಲ್ಲ ಓಡಿಸುವವನ ಸುಖದುಃಖಗಳು. ಹಿಂದಿನ ಸೀಟಿನ ಬಗ್ಗೆ ಒಂದು ಸಾಲು ಇರುತ್ತದೆ: ಮೊಣಕಾಲಿಗೆ ಜಾಗ ಸಾಕಷ್ಟಿದೆ, ಇಲ್ಲವೇ ಸಾಲದು. ಅಲ್ಲಿಗೆ ಮುಗಿಯಿತು. ಮಡಿಲಲ್ಲಿ ಮಗು, ಕಾಲ ಬಳಿ ಟಿಫನ್ ಕ್ಯಾರಿಯರ್, ತೊಡೆಯ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು, ಮುಂದೆ ಕೂತ ಎರಡು ತಲೆಗಳ ಸಂದಿಯಲ್ಲಿ ಕಂಡಷ್ಟು ರಸ್ತೆಯನ್ನೇ ರಸ್ತೆ ಎಂದುಕೊಂಡು ಮೂವತ್ತು ವರ್ಷ ಪ್ರಯಾಣ ಮಾಡಿದವಳು ಬರೆದ ಕಾರಿನ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದು ಅಂಥವಳೊಬ್ಬಳ ಬರಹ. ಎತ್ತಿಕೊಂಡ ಕೃತಿ ನನ್ನದೇ ಕಾರು: ಮಾರುತಿ ಝೆನ್ ಕಾರ್ಬನ್, 2003ರದು, ಬಣ್ಣ ಕಪ್ಪು, ಬಾಗಿಲು ಎರಡು. ಝೆನ್ ನಿಮಗೆ ಗೊತ್ತಿರುವುದೇ. 1993ರಿಂದ 2006ರವರೆಗೆ ತಯಾರಾದ, ಅಂಗೈಯಲ್ಲಿ ತಿದ್ದಿದ ಬೆಣ್ಣೆಯುಂಡೆಯ ಹಾಗಿದ್ದ ಪುಟ್ಟ ಕಾರು. ನಮ್ಮ ‘ಧ್ಯಾನ’ವೇ ಚೀನಾಕ್ಕೆ ಹೋಗಿ ‘ಚಾನ್’ ಆಗಿ, ಜಪಾನಿಗೆ ದಾಟಿ ‘ಝೆನ್’ ಆಗಿ, ಕೊನೆಗೆ ಕಾರಿನ ಹಿಂಬದಿಗೆ ಅಂಟಿಕೊಂಡು ಊರಿಗೆ ವಾಪಸು ಬಂತಲ್ಲ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ನೀವು ಕಂಡ ಝೆನ್‌ಗಳಿಗೆಲ್ಲ ನಾಲ್ಕು ಬಾಗಿಲು. 2003ರಲ್ಲಿ ಮಾತ್ರ ಕಂಪನಿಯವರು ಎರಡು ಬಾಗಿಲಿನವನ್ನೂ ತಂದರು. ಕಪ್ಪಿಗೆ ಕಾರ್ಬನ್, ಬೆಳ್ಳಿ ಬಣ್ಣಕ್ಕೆ ಸ್ಟೀಲ್ ಎಂದು ಹೆಸರಿಟ್ಟು, ನೂರರ ಲೆಕ್ಕದಲ್ಲಿ ಮಾಡಿ, ಮಾರಿ, ಕೈ ತೊಳೆದುಕೊಂಡರು. ಇದ್ದಿಲು, ಉಕ್ಕು. ಹೆಸರಿನಲ್ಲೇ ಗೊತ್ತಾಗುತ್ತದೆ ಅಲ್ಲವೆ, ಕೊಳ್ಳುವವರು ಯಾರೆಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ!

ಇಂಥ ಎರಡು ಬಾಗಿಲಿನ ಕಾರಿಗೆ ‘ಕೂಪೆ’ ಎನ್ನುವ ರೂಢಿಯಿದೆ. ಫ್ರೆಂಚರ ಮಾತು, ಕತ್ತರಿಸಿದ್ದು ಎಂದರ್ಥ. ಎದುರುಬದುರು ಆಸನಗಳಿದ್ದ ದೊಡ್ಡ ಕುದುರೆ ಗಾಡಿಯಲ್ಲಿ ಒಂದು ಆಸನವನ್ನು ಕತ್ತರಿಸಿ ತೆಗೆದು, ಇಬ್ಬರಿಗಷ್ಟೆ ಉಳಿಸಿದ್ದು ಕೂಪೆ. ರೈಲಿನ ಮೊದಲ ದರ್ಜೆಯಲ್ಲಿ ಇಬ್ಬರೇ ಮಲಗುವ ಕೋಣೆಗೂ ಅದೇ ಹೆಸರು. ನನ್ನ ಕಾರನ್ನು ಅದನ್ನು ಮಾಡಿದವರು ಕೂಪೆ ಎನ್ನಲಿಲ್ಲ. ಬಲ್ಲವರೂ ಒಪ್ಪಲಿಕ್ಕಿಲ್ಲ. ಜಪಾನಿನ ಕೂಪೆ ಎಂದರೆ ಅವರು ಟೊಯೊಟ ಸೆಲಿಕಾ, ಡಾಟ್ಸನ್ 240ಜೆಡ್, ಹೋಂಡಾ ಪ್ರೆಲ್ಯೂಡ್ ಎಂದು ನಿಟ್ಟುಸಿರುಬಿಡುತ್ತಾರೆ. ಅವನ್ನು ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಕಂಡವರು ಯಾರು? ನಮ್ಮ ಪಾಲಿಗೆ ದಕ್ಕಿದ ಜಪಾನಿ ಕೂಪೆ ಇದೇ. ವಂಶಾವಳಿ ತೆಗೆದರೂ ಸಂಬಂಧ ಸುಳ್ಳಲ್ಲ. ಸುಜುಕಿಯವರು 1977ರಲ್ಲಿ ಸೆರ್ವೊ ಎಂಬ ಪುಟಾಣಿ ಕೂಪೆ ಮಾಡಿದ್ದರು; ಅದರ ಹೆಸರು ಹೊತ್ತು 1990ರಲ್ಲಿ ಬಂದ ಸೆರ್ವೊ ಮೋಡ್ ಎಂಬ ಕಾರೇ ನಮ್ಮ ಝೆನ್‌ನ ತಾಯಿ.

ಕನ್ನಡದವರಿಗೆ ಕೂಪೆ ಎಂದೊಡನೆ ಕೂಪ ನೆನಪಾಗದೆ ಇರುವುದಿಲ್ಲ. ಈ ಕಾರಿನ ಹಿಂದಿನ ಸೀಟು ನಿಜವಾಗಿಯೂ ಕೂಪವೇ. ಮುಂದಿನ ಸೀಟಿನ ಬೆನ್ನನ್ನು ಮಡಚಿ, ಸೊಂಟ ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ತಲೆ ತಗ್ಗಿಸಿ, ಸೆರಗು ಬೆಲ್ಟಿನ ಕೊಕ್ಕೆಗೆ ಸಿಕ್ಕದ ಹಾಗೆ ಹಿಡಿದು ಇಳಿಯಬೇಕು. ಹತ್ತುವುದಲ್ಲ, ಇಳಿಯುವುದು. ಒಳಗೆ ಸೇರಿದ ಮೇಲೆ ನಿಮ್ಮ ಪಕ್ಕಕ್ಕೆ ಬಾಗಿಲಿಲ್ಲ. ಮುಂದಿನವರು ಎದ್ದು ದಾರಿ ಬಿಟ್ಟರೆ ನೀವು ಹೊರಗೆ, ಇಲ್ಲದಿದ್ದರೆ ಅಲ್ಲೇ.

ಎಲ್ಲರೂ ಇದನ್ನು ಕಾರಿನ ದೋಷ ಎನ್ನುತ್ತಾರೆ. ದೋಷವೇ ಹೌದು. ಆದರೆ ದೋಷದ ಬಗ್ಗೆ ಮಾತಾಡುವ ಮೊದಲು ನಮ್ಮ ನಾಲ್ಕು ಬಾಗಿಲಿನ ಕಾರುಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಸ್ವಲ್ಪ ನೋಡೋಣ.

ನಮ್ಮ ಜಿಲ್ಲೆಯ ಮದುವೆ, ಬೀಗರೂಟ, ತಿಥಿಗಳಲ್ಲಿ ಹೆಚ್ಚು ದುಡಿದ ಜಪಾನಿ ಗಾಡಿ ಯಾವುದು ಎಂದು ಕೇಳಿದರೆ ನಾನು ಕ್ವಾಲಿಸ್ ಎನ್ನುತ್ತೇನೆ. ಟೊಯೊಟದವರು ನಮ್ಮ ಬಿಡದಿಯಲ್ಲಿ 2000ದಿಂದ 2005ರವರೆಗೆ ಮಾಡಿದ ಗಾಡಿ. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೊರಟರೆ ಇಡೀ ವಠಾರವೇ ಅದರೊಳಗೆ. ಅದರಲ್ಲಿ ಯಾರೂ ಹೇಳಿಕೊಡದಿದ್ದರೂ ಎಲ್ಲರಿಗೂ ಗೊತ್ತಿದ್ದ ಕ್ರಮವೊಂದಿತ್ತು. ಮುಂದೆ ಡ್ರೈವರ್ ಪಕ್ಕ ಮನೆಯ ಹಿರಿಯ ಗಂಡಸು. ನಡುವಿನ ಸಾಲಿನಲ್ಲಿ ಅತ್ತೆಯಂದಿರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು. ಕಟ್ಟಕಡೆಯಲ್ಲಿ, ಅಡ್ಡ ಸೀಟುಗಳಲ್ಲಿ, ಸೊಸೆಯಂದಿರು, ಮಕ್ಕಳು, ತಟ್ಟೆ ತಾಂಬೂಲದ ಬುಟ್ಟಿಗಳು. ಕ್ವಾಲಿಸ್ ಇಲ್ಲದ ಮನೆಯ ಮಾರುತಿ 800ರಲ್ಲೂ ಕ್ರಮ ಇದೇ, ಸಾಲುಗಳು ಮಾತ್ರ ಕಡಿಮೆ. ಎಂಟು ವರ್ಷದ ಗಂಡುಹುಡುಗ ಮುಂದೆ ಕೂರುವೆನೆಂದು ಅತ್ತರೆ ಅವನ ತಾಯಿ ಎದ್ದು ಹಿಂದೆ ಹೋಗುತ್ತಿದ್ದಳು. ಹಾಗೆ ಎದ್ದು ಹೋದವಳಿಗೆ ಅದು ಒಂದು ತ್ಯಾಗ ಎಂದೂ ಅನ್ನಿಸುತ್ತಿರಲಿಲ್ಲ, ಅಷ್ಟು ಸಹಜ. ನಾನೂ ಎಷ್ಟು ಸಲ ಹಾಗೆ ಎದ್ದಿದ್ದೇನೋ, ಲೆಕ್ಕವಿಟ್ಟಿಲ್ಲ.

ಈ ಮಾರುತಿ 800ರ ಹುಟ್ಟಿನಲ್ಲೇ ಒಂದು ಸ್ವಾರಸ್ಯವಿದೆ. 1979ರ ಮೇ ತಿಂಗಳಲ್ಲಿ ಸುಜುಕಿಯವರು ಜಪಾನಿನಲ್ಲಿ ಆಲ್ಟೊ ಎಂಬ ಕಾರನ್ನು 4 ಲಕ್ಷ 70 ಸಾವಿರ ಯೆನ್ನಿಗೆ ಮಾರಾಟಕ್ಕಿಟ್ಟರು. ಪಕ್ಕಕ್ಕೆ ಎರಡೇ ಬಾಗಿಲು. ಸಾಮಾನು ಸಾಗಿಸುವ ಗಾಡಿ ಎಂದು ದಾಖಲೆಯಲ್ಲಿ ತೋರಿಸಿದರೆ ಅಲ್ಲಿ ಒಂದು ತೆರಿಗೆ ತಪ್ಪುತ್ತಿತ್ತು. ಹಾಗೆ ತೋರಿಸಲು ಹಿಂದಿನ ಸೀಟನ್ನು ಕಿರಿದು ಮಾಡಬೇಕಿತ್ತು. ಮಾಡಿದರು. ಅದನ್ನು ಮುಗಿಬಿದ್ದು ಕೊಂಡವರಲ್ಲಿ ಗೃಹಿಣಿಯರ ದೊಡ್ಡ ಪಾಲಿತ್ತು. ಗಂಡ ರೈಲಿನಲ್ಲಿ ಕೆಲಸಕ್ಕೆ ಹೋದಮೇಲೆ ತರಕಾರಿಗೆ, ಮಗುವಿನ ಶಾಲೆಗೆ, ಅರ್ಧ ದಿನದ ಕೆಲಸಕ್ಕೆ ತಾವೇ ಓಡಿಸಿಕೊಂಡು ಹೋಗುವ ಕಾರು. ಹಿಂದೆ ಯಾರೂ ಕೂರಬೇಕಾಗಿಲ್ಲವಾದ್ದರಿಂದ ಹಿಂದಿನ ಸೀಟು ಚಿಕ್ಕದಾದರೇನು? ಸ್ಕರ್ಟ್ ತೊಟ್ಟವರು ಮುಜುಗರವಿಲ್ಲದೆ ಇಳಿಯಲೆಂದು ಓಡಿಸುವವರ ಸೀಟು ಬಾಗಿಲ ಕಡೆಗೆ ತಿರುಗುವಂತೆ ಮಾಡಿದ ಆಲ್ಟೊ ಕೂಡ 1980ರ ದಶಕದಲ್ಲಿ ಬಂತಂತೆ. ಇದನ್ನು ಓದಿದಾಗ ನನಗೆ ನಗು ಬಂತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು.

ಇದೇ ಕುಟುಂಬದ ಕಾರು 1983ರ ಡಿಸೆಂಬರಿನಲ್ಲಿ ಮಾರುತಿ 800 ಆಗಿ ನಮ್ಮಲ್ಲಿಗೆ ಬಂತು. ಬರುವಾಗ ಎರಡು ಬಾಗಿಲಿನ ಆಲ್ಟೊ ಬರಲಿಲ್ಲ. ನಾಲ್ಕು ಬಾಗಿಲಿನ ಅದರ ಅವಳಿ, ಫ್ರಾಂಟೆ, ಬಂತು. ಅಲ್ಲಿ ಒಬ್ಬ ಹೆಂಗಸಿಗೆಂದು ಅಳತೆ ತೆಗೆದ ಬಟ್ಟೆಯನ್ನು ಇಲ್ಲಿ ಇಡೀ ಮನೆಗೆ ಹೊದಿಸಿದ ಹಾಗಾಯಿತು. ಸರಿ, ನಮ್ಮ ಬಡತನ, ನಮ್ಮ ಕೂಡುಕುಟುಂಬ. ಒಂದು ಕಾರಿದ್ದರೆ ಅದು ಎಲ್ಲರಿಗೂ ಆಗಬೇಕು. ನಾನು ಅದನ್ನು ಹಂಗಿಸುವುದಿಲ್ಲ. ಆದರೆ ಬಾಗಿಲು ಎರಡು ಹೆಚ್ಚಾದಾಗ ಹಿಂದಿನ ಸೀಟು ಗಟ್ಟಿಯಾಯಿತು, ಆ ಸೀಟಿಗೆ ನಾವು ಗಟ್ಟಿಯಾದೆವು. ಈ ಮಾತನ್ನೂ ಯಾರಾದರೂ ಹೇಳಬೇಕಲ್ಲ.

ನಮ್ಮ ದೇಶಕ್ಕೆ ಎರಡು ಬಾಗಿಲು ಎಂದೂ ಒಗ್ಗಲಿಲ್ಲ. 1961ರಲ್ಲಿ ಮದರಾಸಿನಲ್ಲಿ ತಯಾರಾಗತೊಡಗಿದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಎರಡೇ ಬಾಗಿಲಿದ್ದವು. ಆ ದಶಕ ಮುಗಿಯುವುದರೊಳಗೆ, ನಮ್ಮ ಜನರಿಗಾಗಿಯೇ, ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಬೇಕಾಯಿತು. 1991ರ ಟಾಟಾ ಸಿಯೆರಾ ಎರಡು ಬಾಗಿಲಿನದು. ಅದೇ ಹೆಸರು 2025ರ ನವೆಂಬರಿನಲ್ಲಿ ಮತ್ತೆ ಬಂದಾಗ ನಾಲ್ಕು ಬಾಗಿಲು ಹೊತ್ತು ಬಂತು. ಮಹೀಂದ್ರದ ಥಾರ್‌ಗೂ 2024ರಲ್ಲಿ ಎರಡು ಬಾಗಿಲು ಹೆಚ್ಚಿಗೆ ಮೂಡಿದವು. ಎಲ್ಲಕ್ಕಿಂತ ತಮಾಷೆ ಜಿಮ್ನಿಯದು. ಜಪಾನಿನಲ್ಲಿ ತಲೆತಲಾಂತರದಿಂದ ಎರಡು ಬಾಗಿಲಲ್ಲೇ ಇದ್ದ ಆ ಸುಜುಕಿಗೆ ನಮ್ಮಲ್ಲಿ 2023ರಲ್ಲಿ ನಾಲ್ಕು ಬಾಗಿಲು ಕೂಡಿಸಿದರು. 2025ರಲ್ಲಿ ಇಲ್ಲಿ ಮಾಡಿದ ಅದೇ ನಾಲ್ಕು ಬಾಗಿಲಿನ ಗಾಡಿಯನ್ನು ಜಪಾನಿಗೆ ಕಳಿಸಿದಾಗ ಅಲ್ಲಿಯವರು ಎಷ್ಟು ಮುಗಿಬಿದ್ದರೆಂದರೆ, ಕೆಲವೇ ದಿನಗಳಲ್ಲಿ ಬುಕಿಂಗ್ ನಿಲ್ಲಿಸಬೇಕಾಯಿತು. ಅಲ್ಲಿಯ ಹೆಂಗಸರು ಈಗ ಎಲ್ಲಿ ಕೂರುತ್ತಿದ್ದಾರೋ!

ಇಷ್ಟು ಗೊತ್ತಿದ್ದೂ ನಾನೇಕೆ ಇದನ್ನು ಕೊಂಡೆ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳಿದರು. ಮನೆಯಲ್ಲಿ ದೊಡ್ಡ ಕಾರಿತ್ತು. ಬಸ್ಸುಗಳಿದ್ದವು, ಆಮೇಲೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯೂ ಆಯಿತು. ಆ ಬಸ್ಸಿನ ಬಗ್ಗೆ ನನಗೆ ಗೌರವವಿದೆ. ಅರಕಲಗೂಡಿನ ಕಡೆಯ ಕೂಲಿ ಹೆಂಗಸರು ಗುಂಪುಗುಂಪಾಗಿ ಧರ್ಮಸ್ಥಳಕ್ಕೆ ಹೋಗಿಬಂದ ಸಂಭ್ರಮವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ದುಡ್ಡಿಲ್ಲದ ಆ ಟಿಕೆಟ್ ಹರಿಯಲು ಕೂಡ ಕಂಡಕ್ಟರ್ ಒಂದು ಪ್ರಶ್ನೆ ಕೇಳಲೇಬೇಕು: “ಎಲ್ಲಿಗಮ್ಮ?” ಮನೆಯ ದೊಡ್ಡ ಕಾರೂ ಅದನ್ನೇ ಕೇಳುತ್ತದೆ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು, ರಾತ್ರಿಗೆ ಅಡಿಗೆ ಏನು. ಊರೂರಿನಲ್ಲಿ ಪಾಠ ಹೇಳಿ ನಿವೃತ್ತಿಗೆ ಹತ್ತಿರವಾದವಳಿಗೆ, ಎಲ್ಲಿಗೂ ಅಲ್ಲದೆ ಒಂದು ಸಲ ಹೊರಡಬೇಕು ಎನ್ನಿಸಿತ್ತು. ಮೊಸಳೆಯ ಜೋಡಿ ಗುಡಿಗಳ ಮುಂದೆ ಸುಮ್ಮನೆ ಅರ್ಧ ಗಂಟೆ ಕೂತು ಬರಬೇಕು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯ ಗೋಡೆಯನ್ನು ಯಾರೂ “ನಡಿ, ಹೊತ್ತಾಯ್ತು” ಎನ್ನದೆ ಒಂದು ಸುತ್ತು ನೋಡಬೇಕು. ಹರಕೆಯಿಲ್ಲ, ಪೂಜೆಯಿಲ್ಲ, ಯಾರ ಮದುವೆಯೂ ಅಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನಮ್ಮಲ್ಲಿ ಮಾತೇ ಇಲ್ಲ ನೋಡಿ. ‘ಸುಮ್ಮನೆ’ ಎಂದರೆ ಅನುಮಾನ, ‘ಬೇಜಾರು’ ಎಂದರೆ ಗಂಡನಿಗೆ ಅವಮಾನ.

2021ರಲ್ಲಿ, ಮೈಸೂರಿನಲ್ಲಿ, ಈ ಕಾರು ಸಿಕ್ಕಿತು. ಮಾರುವ ಹುಡುಗ ನನ್ನ ಹಿಂದೆ ನೋಡಿದ. “ಸರ್ ಬರ್ತಾರಾ ಮೇಡಂ?” ಎಂದ. ಬರುವುದಿಲ್ಲ ಎಂದೆ. ಆಮೇಲೆ ಅವನು ಇಂಜಿನ್ ಬಗ್ಗೆ ಏನೂ ಹೇಳಲಿಲ್ಲ. ಬಣ್ಣ ಚೆನ್ನಾಗಿದೆ ಎಂದ, ಸೀಟಿನ ಕವರ್ ಹೊಸದು ಎಂದ. ಪಾಪ, ಸೀರೆ ಕೊಳ್ಳುವವರನ್ನು ಅವನು ಸರಿಯಾಗಿ ನೋಡಿಲ್ಲ. ಸೀರೆ ಅಂಗಡಿಯಲ್ಲಿ ನಾವು ಬಣ್ಣಕ್ಕೆ ಮರುಳಾಗಿ ಕೊಂಡುಬಿಡುತ್ತೇವೆಯೆ? ಮಡಿಕೆ ಬಿಚ್ಚಿಸುತ್ತೇವೆ, ಅಂಚಿನ ಹಿಂಬದಿ ತಿರುಗಿಸಿ ನೂಲು ನೋಡುತ್ತೇವೆ, ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತೇವೆ. ಹಳೆಯ ಕಾರನ್ನೂ ಹಾಗೆಯೇ ನೋಡಬೇಕು. ನೆಲದ ಹಾಸು ಎತ್ತಿಸಿದೆ. ತುಕ್ಕು ಮೊದಲು ಹಿಡಿಯುವುದು ಅಲ್ಲಿ, ಆಮೇಲೆ ಬಾಗಿಲ ಕೆಳಅಂಚಿನಲ್ಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ. ತಣ್ಣಗಿರುವ ಇಂಜಿನ್ನನ್ನೇ ಚಾಲೂ ಮಾಡಿಸಬೇಕು. ಬೆಳಿಗ್ಗೆಯೇ ಬಿಸಿಮಾಡಿಟ್ಟ ಇಂಜಿನ್ ಬಿಸಿಮಾಡಿಟ್ಟ ಸಾರಿನ ಹಾಗೆ, ಹಳಸಿದ್ದು ಗೊತ್ತಾಗುವುದಿಲ್ಲ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿದಾಗ ಹುಡುಗ ಮೊದಲ ಬಾರಿ ನನ್ನ ಮುಖ ನೋಡಿದ. ಈ ಕಾರಿನಲ್ಲಿ ಆ ಕೆಲಸ ಮಾಡುವುದು ಸರಪಳಿಯಲ್ಲ, ರಬ್ಬರ್ ಬೆಲ್ಟು. ಅದು ಹಳತಾಗಿ ಹರಿದರೆ ಗಾಡಿ ನಿಂತಲ್ಲೇ ನಿಂತಿತು. ಕೊಂಡ ವಾರವೇ ಹೊಸದು ಹಾಕಿಸಿದೆ. ಕೊಟ್ಟ ಬೆಲೆ ನನ್ನ ಕೈಯ ಎರಡು ಬಳೆಗಳ ಇಂದಿನ ಬೆಲೆಗಿಂತ ಕಡಿಮೆ. 29 ಮತ್ತು 30ನೇ ನಮೂನೆಗಳಿಗೆ ಸಹಿ ಬಿದ್ದು, ದಾಖಲೆ ನನ್ನ ಹೆಸರಿಗೆ ಬಂತು. ಮನೆ, ಹೊಲ, ದೊಡ್ಡ ಕಾರು ಯಾವುದೂ ನನ್ನ ಹೆಸರಿನಲ್ಲಿಲ್ಲ, ಇದಿದೆ.

ಸಾಕುವ ಖರ್ಚಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 993 ಸಿ.ಸಿ.ಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನ್ನು, ಸುಮಾರು 60 ಅಶ್ವಶಕ್ತಿ, ಮಾಮೂಲಿ ಝೆನ್‌ನದೇ. ಹಾಸನದ ಯಾವ ಹಳೆಯ ಮೆಕ್ಯಾನಿಕ್‌ಗೂ ಅದು ಅಂಗೈನ ಗೆರೆ. ಕಷ್ಟವಿರುವುದು ಈ ಎರಡು ಬಾಗಿಲಿಗಷ್ಟೇ ಸೇರಿದ ಸಾಮಾನುಗಳದು: ಉದ್ದ ಬಾಗಿಲಿನ ರಬ್ಬರ್ ಬೀಡಿಂಗು, ಹಿಂಬದಿಯ ಪಕ್ಕದ ಗಾಜು. ಇವು ಅಂಗಡಿಯಲ್ಲಿ ಸಿಗುವುದಿಲ್ಲ, ಹುಡುಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದವರ ಕೈಯಲ್ಲೆಲ್ಲ ಹೇಳಿಕಳಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್. ಈ ವಯಸ್ಸಿನ ಕಾರಿನ ರಬ್ಬರ್ ಕೊಳವೆಗಳು ಅದಕ್ಕೆಂದು ಮಾಡಿದವಲ್ಲ; ಆಗಾಗ ಮುಟ್ಟಿ, ಮೂಸಿ ನೋಡುತ್ತಿರಬೇಕು. ಏರ್‌ಬ್ಯಾಗ್ ಇಲ್ಲ. ಹಾಗಾಗಿ ಚನ್ನರಾಯಪಟ್ಟಣದ ಕಡೆಯ 75ನೇ ಹೆದ್ದಾರಿಯಲ್ಲಿ ಮಂಗಳೂರಿನ ಟ್ಯಾಂಕರುಗಳು ಬರುವಾಗ ಎಡಕ್ಕೆ ಸರಿದು, ನನ್ನ ಪಾಡಿಗೆ ಅರವತ್ತರಲ್ಲಿ ಹೋಗುತ್ತೇನೆ. ಇದು ಓಟದ ಕುದುರೆಯಲ್ಲ. ಅದನ್ನು ಹಾಗೆ ಓಡಿಸಲು ಕೊಂಡ ಹುಡುಗರ ಕೈಯಲ್ಲಿ ಎಷ್ಟು ಕಾರ್ಬನ್‌ಗಳು ಹಾಳಾದವೋ.

ಇನ್ನು ವಿಮರ್ಶೆಯ ಮುಖ್ಯ ಮಾತಿಗೆ ಬರುತ್ತೇನೆ. ಬಾಗಿಲು ಬಲು ಉದ್ದ. ರಸ್ತೆಯಲ್ಲಿ ನೋಡಲು ಅದೇ ಚೆಂದ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದೇ ಎಳೆ, ನಡುವೆ ಎರಡನೆಯ ಬಾಗಿಲಿನ ಗಾಯವಿಲ್ಲ. ಆದರೆ ಕಟ್ಟಿನಕೆರೆ ಮಾರುಕಟ್ಟೆಯ ಪಕ್ಕ ಎರಡು ಗಾಡಿಗಳ ಮಧ್ಯೆ ನಿಲ್ಲಿಸಿ ನೋಡಿ. ಬಾಗಿಲು ಅರ್ಧವೂ ತೆರೆಯುವುದಿಲ್ಲ. ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದ, ಐವತ್ತು ದಾಟಿದ ಮೈ ಅದರೊಳಗೆ ನುಸುಳಬೇಕು. ಬೆಲ್ಟ್ ಎಲ್ಲೋ ಹಿಂದೆ. ಅದನ್ನು ಎಳೆದುಕೊಳ್ಳಲು ರವಿಕೆಯ ತೋಳು ಹರಿಯುವಷ್ಟು ತಿರುಗಬೇಕು. ಇದು ಸೀರೆ ಉಟ್ಟವಳನ್ನು ನೋಡಿ ಮಾಡಿದ ಬಾಗಿಲಲ್ಲ.

ಆದರೂ ಒಂದು ಗುಣವಿದೆ. ಅದು ಗೊತ್ತಾದದ್ದು ಅವ್ವನಿಂದ. ಅವ್ವನಿಗೆ ಆಗ 78. ಅರಕಲಗೂಡಿನ ಮನೆಯ ಮುಂದೆ ಕಾರು ನಿಲ್ಲಿಸಿದಾಗ, ಅಭ್ಯಾಸದಂತೆ ಹಿಂದಿನ ಬಾಗಿಲು ಎಲ್ಲಿ ಎಂದು ಕೈಯಾಡಿಸಿ ಹುಡುಕಿದಳು. ಇಲ್ಲ. “ಹಂಗಾರೆ ನಾನೆಲ್ಲಿ ಕೂರ್ಲವ್ವ?” ಎಂದಳು. ಮುಂದೆ ಕೂರು ಎಂದರೆ, “ಗಂಡಸ್ರು ಕೂರೋ ಜಾಗ್ದಾಗೆ ನಂಗೆ ನಾಚ್ಕೆ ಆಯ್ತದೆ ಕಣವ್ವ” ಎಂದು ಸೆರಗು ಬಾಯಿಗಿಟ್ಟುಕೊಂಡಳು. ಬೇರೆ ದಾರಿಯಿರಲಿಲ್ಲ, ಕೂತಳು. ರಾಮನಾಥಪುರಕ್ಕೆ ಹೊರಟೆವು. ಹೊಗೆಸೊಪ್ಪಿನ ಬ್ಯಾರನ್ನುಗಳು, ಶುಂಠಿ ಹೊಲ, ರಸ್ತೆ ಬದಿಯ ಮರ ಎಲ್ಲವೂ ಅವಳು ಹುಟ್ಟಿದಂದಿನಿಂದ ಕಂಡವೇ. ಆದರೆ ಆ ದಿನ ಅವಳು ಮಾತು ನಿಲ್ಲಿಸಲಿಲ್ಲ. “ಅಗೋ ಬಂತು, ಅಗೋ ಬಂತು” ಎನ್ನುತ್ತಿದ್ದಳು. ಪಕ್ಕದ ಕಿಟಕಿಯಿಂದ ನೋಡುವವರಿಗೆ ಮರ ಕಾಣುವ ಹೊತ್ತಿಗೆ ಹಿಂದಕ್ಕೆ ಹೋಗಿರುತ್ತದೆ. ಮುಂದಿನ ಗಾಜಿನಲ್ಲಿ ಅದು ದೂರದಿಂದ ಕಂಡು, ದೊಡ್ಡದಾಗುತ್ತ, ನಮ್ಮ ಕಡೆಗೇ ಬರುತ್ತದೆ. ನನ್ನ ತಾಯಿಗೆ ಇದು 78ನೇ ವಯಸ್ಸಿನಲ್ಲಿ ಹೊಸದು. ಕಾವೇರಿ ಕಂಡಾಗ ಎರಡೂ ಕೈಯೆತ್ತಿ ಡ್ಯಾಶ್‌ಬೋರ್ಡಿಗೇ ಮುಗಿದಳು.

ಇದನ್ನು ಯಾವ ಇಂಜಿನಿಯರನೂ ಉದ್ದೇಶಿಸಿ ಮಾಡಿದ್ದಲ್ಲ. ಹಿಂದೆ ಕೂರಿಸಲು ಆಗದ ಕಾರಾದ್ದರಿಂದ ಇಬ್ಬರು ಹೆಂಗಸರು ಮುಂದೆ ಕೂತರು, ಅಷ್ಟೆ. ಹಿಂದಿನ ಸೀಟಿನಲ್ಲಿ ಬೆನ್ನು ಸವೆಸಿದವರಿಗೆ ಈ ‘ದೋಷ’ ಹೇಗೆ ಕಾಣಬೇಕು ಹೇಳಿ.

ಅತ್ತೆ ಒಪ್ಪುವುದಿಲ್ಲ. ಅವರಿರುವುದು ಹೊಳೆನರಸೀಪುರದಲ್ಲಿ, ಹೇಮಾವತಿಗೆ ಹತ್ತಿರದ ಹಳೆಯ ಮನೆಯಲ್ಲಿ. ಇದುವರೆಗೆ ಒಂದು ಸಲವೂ ಈ ಕಾರು ಹತ್ತಿಲ್ಲ. “ನೀವಿಬ್ಬರು ಮುಂದೆ ಕೂತು ಹೊರಟುಬಿಡ್ತೀರಿ. ಉಳಿದೋರೆಲ್ಲ ಏನಾಗಬೇಕಮ್ಮ? ಮನೆಯವರನ್ನೆಲ್ಲ ಕೂರಿಸದ ಕಾರು ಅದೆಂಥ ಕಾರು?” ಎಂದು ಕೇಳುತ್ತಾರೆ. ಇದು ಹಳೆಯ ಕಾಲದವರ ಹಟ ಎಂದು ತಳ್ಳಿಹಾಕುವ ಮಾತಲ್ಲ. ಎರಡು ಪುಟ್ಟ ಮಕ್ಕಳ ತಾಯಿ ನನ್ನ ನಾದಿನಿ ಈ ಕಾರಿನಲ್ಲಿ ಬರಲಾರಳು; ಮಲಗಿದ ಮಗುವನ್ನು ಎತ್ತಿಕೊಂಡು ಆ ಕೂಪಕ್ಕೆ ಇಳಿಯುವುದು ಯಾರಿಂದಲೂ ಆಗದು. ಕಾಲು ನೋವಿನ ಅತ್ತೆಗೂ ಆಗದು. ಇಬ್ಬರಿಗೆ ಸಿಕ್ಕ ಬಿಡುಗಡೆಯಲ್ಲಿ ಮೂರನೆಯವಳಿಗೆ ಜಾಗವಿಲ್ಲ ಎನ್ನುವ ಅವರ ಆಕ್ಷೇಪಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನ್ನ ಸರದಿಯಲ್ಲಿ ನಾನು ಕೇಳುವುದಿಷ್ಟೇ: ಎಲ್ಲರೂ ಕೂತ ಆ ಕ್ವಾಲಿಸ್‌ನಲ್ಲಿ ಅತ್ತೆಯೇ ಎಷ್ಟು ಸಲ ಮುಂದೆ ಕೂತಿದ್ದರು?

ಎರಡು ಬಾಗಿಲಿದ್ದರೆ ಸಾಕು, ಹೆಂಗಸು ತಾನಾಗಿ ಮುಂದೆ ಬಂದುಬಿಡುತ್ತಾಳೆ ಎಂದೂ ತಿಳಿಯಬೇಡಿ. ಒಂದು ಶ್ರಾವಣದಲ್ಲಿ ದೊಡ್ಡ ಕಾರು ಗ್ಯಾರೇಜಿನಲ್ಲಿತ್ತು. ಚನ್ನರಾಯಪಟ್ಟಣದಲ್ಲಿ ಗೃಹಪ್ರವೇಶ. ಮನೆಯವರು ಕೀಲಿ ತೆಗೆದುಕೊಂಡರು, ಭಾವನವರು ಪಕ್ಕದಲ್ಲಿ ಕೂತರು. ಯಾರೂ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸೀಟು ಮಡಚಿತು, ರೇಷ್ಮೆ ಸೀರೆಯಲ್ಲಿ ನಾನು ಇಳಿದೆ. ಸುಮಾರು ನಲವತ್ತು ಕಿಲೋಮೀಟರ್, ನನ್ನ ಹೆಸರಿನ ಕಾರಿನಲ್ಲಿ, ಬಾಗಿಲಿಲ್ಲದ ಗೋಡೆಗೆ ಭುಜ ತಾಗಿಸಿಕೊಂಡು, ಮತ್ತೆ ಅದೇ ಎರಡು ತಲೆಗಳ ಸಂದಿಯಲ್ಲಿ ರಸ್ತೆ ನೋಡಿದೆ. ನಾಲ್ಕು ಬಾಗಿಲಿನ ಕಾರಿನಲ್ಲಿ ಬೇಜಾರಾದರೆ ಇಳಿಯಲು ನನ್ನದೆಂಬ ಒಂದು ಬಾಗಿಲಾದರೂ ಇರುತ್ತಿತ್ತು. ಇಲ್ಲಿ ಅದೂ ಇಲ್ಲ. ಅಂದರೆ ಈ ಕಾರಿನ ಗುಣವೂ ದೋಷವೂ ಕೀಲಿ ಯಾರ ಕೈಯಲ್ಲಿದೆ ಎನ್ನುವುದಕ್ಕೆ ಅಂಟಿಕೊಂಡಿವೆ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಓಡಿಸುವಾಗ ಇದು ಶೋಕಿ, ಗೃಹಸ್ಥನೊಬ್ಬ ಓಡಿಸುವಾಗ ಇದು ಪಂಜರ. ಗೃಹಪ್ರವೇಶದ ಮಾರನೆಯ ದಿನದಿಂದ ಕೀಲಿ ನನ್ನ ಬೀರುವಿನಲ್ಲಿದೆ. ಮನೆಯವರು ಕೇಳಿಲ್ಲ, ನಾನೂ ಹೇಳಿಲ್ಲ.

ವಾರಾಂತ್ಯದ ವಿಹಾರಕ್ಕೆ ಹೇಳಿಮಾಡಿಸಿದ್ದು ಎಂದು ಇಂಥ ಹಳೆಯ ಕಾರುಗಳನ್ನು ಮೆಚ್ಚಿಕೊಳ್ಳುವವರು ಬರೆಯುತ್ತಾರೆ. ಯಾರ ವಾರ, ಯಾರ ಅಂತ್ಯ? ಭಾನುವಾರ ನಮ್ಮ ಮನೆಗಳಲ್ಲಿ ಬಾಡೂಟದ ದಿನ, ನೆಂಟರ ದಿನ, ಮಿಕ್ಸಿ ನಿಲ್ಲದ ದಿನ. ನನ್ನ ವಿಹಾರ ಹಾಗಾಗಿ ಶನಿವಾರ ಮಧ್ಯಾಹ್ನದ್ದು, ಕಾಲೇಜು ಬಿಟ್ಟ ಮೇಲೆ, ಸಂಜೆಯ ಹಾಲು ಕಾಯಿಸುವ ಹೊತ್ತಿನೊಳಗೆ. ಮೂರು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಮೊಸಳೆಗೆ ಹೋಗಿಬರಬಹುದು. ಮಳೆಗಾಲವಾದರೆ ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿಯ ಚರ್ಚು ನೋಡಿಬರಬಹುದು. ನುಗ್ಗೇಹಳ್ಳಿಗೆ ಸಾಲದು. ಅದನ್ನು ಎರಡೇ ಸಲ ನೋಡಿದ್ದೇನೆ, ಎರಡು ಸಲವೂ ಮನೆಯವರೆಲ್ಲ ತೀರ್ಥಯಾತ್ರೆಗೆ ಹೋಗಿದ್ದಾಗ.

ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. ಈ ಕಾರಿಗೆ 2018ರಲ್ಲಿ ಹಿಂದಿನ ಒಡೆಯ ಮಾಡಿಸಿದ್ದ, 2023ರಲ್ಲಿ ನಾನು ಮಾಡಿಸಿದೆ. 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇದ್ದ ಶುಲ್ಕ ಆಗ 5,000 ಆಗಿತ್ತು. 2025ರ ಆಗಸ್ಟಿನ ಹೊಸ ನಿಯಮದಂತೆ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. ಮುಂದಿನ ಸರದಿ 2028ಕ್ಕೆ. ಇಷ್ಟು ದುಡ್ಡು ಸುರಿಯುವ ಬದಲು ಮಾರಿಬಿಡು ಎಂದು ಮನೆಯವರು ಈಗಲೇ ಲೆಕ್ಕ ಹಾಕತೊಡಗಿದ್ದಾರೆ. ಎಡಗಡೆ ಬಾಗಿಲಿನ ಬೀಡಿಂಗ್ ಬಿರುಕು ಬಿಟ್ಟು, ಮಳೆ ಬಂದಾಗ ನೀರು ಅವ್ವ ಕೂರುವ ಸೀಟಿನ ಮೇಲೇ ತೊಟ್ಟಿಕ್ಕುತ್ತದೆ. ಅವಳು ಮಡಿಲಲ್ಲಿ ಒಂದು ಟವಲ್ ಇಟ್ಟುಕೊಂಡು ಕೂರುತ್ತಾಳೆ, ಹಿಂದಕ್ಕೆ ಹೋಗುವ ಮಾತು ಎತ್ತುವುದಿಲ್ಲ. ಬೆಂಗಳೂರಿನಿಂದ ಬೀಡಿಂಗ್ ತರಿಸುತ್ತೇನೆ ಎಂದವರು ಬರುವ ವಾರ ಫೋನು ಮಾಡುತ್ತಾರಂತೆ.